ಗಿಡ್ಡ ಹಸುಗಳನ್ನು ಲೆಕ್ಕದ ಪುಸ್ತಕದ ಯಾವ ಪುಟದಲ್ಲಿ ಬರೆಯಬೇಕು?

ಪ್ರಶ್ನೆ: ತೋಟದ ಗುಮಾಸ್ತ, ಸಕಲೇಶಪುರ ತಾಲೂಕು

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ನಿವೃತ್ತಿಯ ಮೇಲೆ ಊರು ಸೇರಿದವನು ನಾನು. ಅಪ್ಪ ಬಿಟ್ಟುಹೋದದ್ದು ನಾಲ್ಕು ಎಕರೆ ರೋಬಸ್ಟಾ, ಎರಡು ಎಕರೆ ಅರೇಬಿಕಾ, ಮುಕ್ಕಾಲು ಎಕರೆ ಗದ್ದೆ, ಒಂದು ಹೆಂಚಿನ ಕೊಟ್ಟಿಗೆ, ಅದರಲ್ಲಿ ಮಲೆನಾಡು ಗಿಡ್ಡ ಎಂಬ ಕುಳ್ಳ ನಾಟಿ ತಳಿಯ ನಾಲ್ಕು ದನ. ಹಳೆಯ ಚಾಳಿ ಬಿಡುವುದಿಲ್ಲ ನೋಡಿ. ಬಂದ ವಾರವೇ ದಪ್ಪ ರಟ್ಟಿನ ಲೆಕ್ಕದ ಪುಸ್ತಕ ತಂದು ಕಾಫಿ, ಮೆಣಸು, ಗದ್ದೆ, ಕೊಟ್ಟಿಗೆ ಎಂದು ಒಂದೊಂದಕ್ಕೆ ಒಂದೊಂದು ಪುಟ ಹಾಕಿದೆ. ಕಾಫಿಯ ಪುಟ ಒಂದು ವರ್ಷ ನಗುತ್ತದೆ, ಒಂದು ವರ್ಷ ಮುಖ ಗಂಟಿಕ್ಕುತ್ತದೆ. ಕೊಟ್ಟಿಗೆಯ ಪುಟ ಮಾತ್ರ ಮೂರು ವರ್ಷದಿಂದ ಒಂದೇ ಸಮನೆ ಕೆಂಪು ಶಾಯಿ ಕುಡಿಯುತ್ತಿದೆ.

ಹೋದ ವರ್ಷದ ಲೆಕ್ಕ ಹೀಗಿದೆ. ಬೂಸಾ, ಹಿಂಡಿಗೆ 19,200 ರೂಪಾಯಿ. ಒಣಹುಲ್ಲಿಗೆ 14,000. ಮಳೆಗಾಲದ ಮುಂಚೆ ಕೊಟ್ಟಿಗೆಯ ಹೆಂಚು, ರೀಪು ಬದಲಿಸಿದ್ದಕ್ಕೆ 8,600. ಔಷಧ, ಹಗ್ಗ, ಚಿಲ್ಲರೆ 1,900. ಒಟ್ಟು 43,700. ಆದಾಯವೆಂದರೆ ಹಾಲು, ವರ್ಷಕ್ಕೆ 340 ಲೀಟರ್. ಮನೆಯಲ್ಲಿ ಕುಡಿದದ್ದನ್ನೂ ಸೇರಿಸಿ ಲೀಟರಿಗೆ 35 ರೂಪಾಯಿಯಂತೆ ಹಿಡಿದಿದ್ದೇನೆ, ಮೋಸವಿಲ್ಲ. 11,900 ಆಯಿತು. ನಷ್ಟ 31,800.

ಬೆಂಗಳೂರಿನಲ್ಲಿರುವ ಮಗ ಇದನ್ನು ಫೋನಿನಲ್ಲೇ ಭಾಗಾಕಾರ ಮಾಡಿ, "ಅಪ್ಪಾ, ಲೀಟರಿಗೆ 128 ರೂಪಾಯಿ ಬೀಳುತ್ತದೆ. ಪ್ಯಾಕೆಟ್ ಹಾಲು ತರಿಸಿದರೆ ಉಳಿದ ದುಡ್ಡಿನಲ್ಲಿ ಅಜ್ಜಿಯನ್ನು ಕಾಶಿಗೆ ಕರೆದುಕೊಂಡು ಹೋಗಬಹುದು" ಎಂದ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಎರಡು ದಿನ ಕುಳಿತೆ. ಸಿಗಲಿಲ್ಲ.

ಈ ನಾಲ್ಕರಲ್ಲಿ ಕರೆಯುವುದು ತುಂಗೆ ಒಬ್ಬಳೇ. ಬೆಳಿಗ್ಗೆ ಮುಕ್ಕಾಲು, ಸಂಜೆ ಅರ್ಧ ಲೀಟರ್, ಅದೂ ಅವಳಿಗೆ ಮನಸ್ಸಿದ್ದರೆ. ಬೆಳ್ಳಿ ಗಬ್ಬ ನಿಂತಿಲ್ಲ. ಕೌಲೆಗೆ ವಯಸ್ಸೆಷ್ಟೆಂದು ಅಮ್ಮನಿಗೂ ಖಚಿತವಿಲ್ಲ. ನನ್ನ ಮಗಳ ಮದುವೆಯಲ್ಲಿ ಅದು ಕರು, ಈಗ ಮೊಮ್ಮಗ ಹೈಸ್ಕೂಲು. ಇನ್ನೊಂದು ಹೆಸರಿಡದ ಕಡಸು. ಮಾರೋಣವೆಂದರೆ ಕೌಲೆಯಂಥ ಮುದಿ ಹಸುವನ್ನು ಕೊಳ್ಳುವವರು ಯಾರು? 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ನಮ್ಮ ಕಡೆಗೆ ವ್ಯಾಪಾರಿಗಳು ಬರುವುದೇ ನಿಂತಿದೆ. ಕಾಯ್ದೆ ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ, ದಯವಿಟ್ಟು.

ನಾನು ಭಾವುಕನಲ್ಲ. ಆದರೆ ಅಪ್ಪ ದಡ್ಡರೂ ಆಗಿರಲಿಲ್ಲ. ಎಂಟಾಣೆಗೆ ಲೆಕ್ಕ ಕೇಳುತ್ತಿದ್ದ ಮನುಷ್ಯ ಐವತ್ತು ವರ್ಷ ಈ ನಷ್ಟವನ್ನು ಏಕೆ ಸಾಕಿದರು? ತಿಳಿದವರು ಹೇಳಿ: ಕೊಟ್ಟಿಗೆ ಮುಚ್ಚಲೇ, ಇಟ್ಟುಕೊಳ್ಳಲೇ? "ಗೋಮಾತೆ" ಎಂದಷ್ಟೇ ಉತ್ತರಿಸುವವರಿಗೆ ಮೊದಲೇ ನಮಸ್ಕಾರ. ನನಗೆ ಕಲಮು ಬೇಕು, ಕಾಲಮು ಬೇಕು.

ಉತ್ತರ: ನಿವೃತ್ತ ಪಶುವೈದ್ಯ, ಅರಸೀಕೆರೆ

ಗುಮಾಸ್ತರೇ, ನಿಮ್ಮ ಲೆಕ್ಕ ನೋಡಿ ನಕ್ಕೆ, ಬೇಸರಿಸಬೇಡಿ. ನೀವು ಹಸುವನ್ನು ಹಾಲಿನ ಪುಟದಲ್ಲಿ ಬರೆದಿದ್ದೀರಿ. ನಿಮ್ಮ ತಂದೆಯವರು ಗೊಬ್ಬರದ ಪುಟದಲ್ಲಿ ಬರೆದಿದ್ದರು. ಮಲೆನಾಡಿನಲ್ಲಿ ಗಿಡ್ಡವನ್ನು ಹಾಲಿಗೆಂದು ಕಟ್ಟಿದವರನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ. ದರಗು, ಅಂದರೆ ಉದುರಿದ ಒಣ ಎಲೆ, ತಂದು ಕೊಟ್ಟಿಗೆಗೆ ಹಾಸುವುದು, ಅದು ಸಗಣಿ, ಗಂಜಲ ಕುಡಿದು ಗುಂಡಿಗೆ ಹೋಗುವುದು, ಮುಂದಿನ ವರ್ಷ ತೋಟಕ್ಕೆ ಬೀಳುವುದು, ಇದು ಕಸುಬು. ಹಾಲು ಮೇಲಿನ ಕೊಸರು.

ಮನೆಯ ಗೊಬ್ಬರಕ್ಕೆ ರಸೀದಿಯಿಲ್ಲ ಎಂದು ಬಿಟ್ಟಿರಬೇಕು. ಮನೆಯಲ್ಲಿ ಕುಡಿದ ಹಾಲಿಗೆ ರಸೀದಿ ಇತ್ತೇ? ಗಿಡ್ಡವೊಂದು ದಿನಕ್ಕೆ ಐದು ಕಿಲೋ ಸಗಣಿ ಹಾಕುತ್ತದೆ ಎಂದು ಹಿಡಿದರೂ ನಾಲ್ಕರಿಂದ ವರ್ಷಕ್ಕೆ ಏಳು ಟನ್ ದಾಟುತ್ತದೆ. ದರಗು ಸೇರಿ, ಕೊಳೆತು ಇಳಿದ ಮೇಲೆ ಎರಡೂವರೆ ಟ್ರ್ಯಾಕ್ಟರ್ ಗೊಬ್ಬರಕ್ಕೆ ಮೋಸವಿಲ್ಲ. ನಮ್ಮ ಅರಸೀಕೆರೆ, ಕಡೂರು ಕಡೆಯಿಂದ ನಿಮ್ಮ ಕಡೆಯ ತೋಟಗಳಿಗೆ ಲಾರಿಗಟ್ಟಲೆ ಗೊಬ್ಬರ ಬರುವುದನ್ನು ನೀವೇ ನೋಡಿರುತ್ತೀರಿ. ದರ ನನಗಿಂತ ನಿಮಗೆ ಗೊತ್ತು. ಇಲ್ಲಿ ಕುರಿಗಾಹಿಗಳು ಹೊಲದಲ್ಲಿ ಮಂದೆ ನಿಲ್ಲಿಸಿದರೆ ರಾತ್ರಿಗೆ ಇಷ್ಟೆಂದು ಹೊಲದವನೇ ದುಡ್ಡು, ಕಾಳು ಕೊಡುತ್ತಾನೆ. ಉಣ್ಣೆಗಲ್ಲ, ಹಿಕ್ಕೆಗೆ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳದೆ ಕೇಳಿ. ಬ್ಯಾಂಕಿನವರಾಗಿ ಇಪ್ಪತ್ತು ವರ್ಷ ಬಾಳುವ ಹೆಂಚನ್ನು ಒಂದೇ ವರ್ಷದ ಖರ್ಚಿಗೆ ಬರೆದಿದ್ದೀರಲ್ಲ! ಸವಕಳಿ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕೇ?

ಕೊನೆಯದಾಗಿ ಬೂಸಾ. ಕರೆಯದ ಮೂರು ಗಿಡ್ಡಗಳಿಗೆ ಅಷ್ಟು ಬೂಸಾ ಏಕೆ? ಎಚ್‌ಎಫ್‌ನಂಥ ದೊಡ್ಡ ಸೀಮೆ ಹಸುವಿಗೆ ಹಾಕುವಂತೆ ಹಾಕಬೇಡಿ. ಮೂರಡಿ ಎತ್ತರದ ಈ ಪ್ರಾಣಿ ಮಳೆಯಲ್ಲಿ ಗುಡ್ಡದ ಹುಲ್ಲು ಮೇಯ್ದು ಬದುಕುವುದಕ್ಕೇ ತಯಾರಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲಿ ನಿಂತರೂ ಗೊರಸು ಕೊಳೆಯುವುದು ಅಪರೂಪ. ನಿಮ್ಮ ಮಳೆಗೆ ದೊಡ್ಡ ತಳಿಯ ಹಸು ತಂದವರು ವರ್ಷಕ್ಕೆ ನಾಲ್ಕು ಬಾರಿ ನಮ್ಮನ್ನು ಕರೆಸುತ್ತಿದ್ದರು. ಬೆಳ್ಳಿಯ ಗರ್ಭಕೋಶ ಪರೀಕ್ಷೆ ಮಾಡಿಸಿ. ಹಾಗೆಂದು ಗಬ್ಬಕ್ಕೆ ಜರ್ಸಿ ತಳಿಯ ವೀರ್ಯದ ಇಂಜೆಕ್ಷನ್ ಕೊಡಿಸಬೇಡಿ. ಕರು ದೊಡ್ಡದಾಗಿ, ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಮನೆಗಳನ್ನು ನೋಡಿದ್ದೇನೆ.

ಉತ್ತರ: ರೋಬಸ್ಟಾ ನಂಬಿದವ, ಮೂಡಿಗೆರೆ

ಡಾಕ್ಟರ ಮಾತಿಗೆ ಸ್ವಲ್ಪ ತಕರಾರು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಮಾತ್ರ. ಎರಡೂವರೆ ಟನ್ನಿನ ಒಂದು ಟ್ರ್ಯಾಕ್ಟರ್ ಗೊಬ್ಬರದಲ್ಲಿ ಹನ್ನೆರಡೂವರೆ ಕಿಲೋ. 45 ಕಿಲೋ ಯೂರಿಯಾ ಚೀಲದಲ್ಲಿ ಇಪ್ಪತ್ತು ಕಿಲೋ ಮೇಲಿದೆ, ಬೆಲೆ 266 ರೂಪಾಯಿ 50 ಪೈಸೆ. ಅಂದರೆ ಸಾರಜನಕಕ್ಕೆ ಬೆಲೆ ಕಟ್ಟಿದರೆ ಒಂದು ಟ್ರ್ಯಾಕ್ಟರ್ ಗೊಬ್ಬರ ಸುಮಾರು 160 ರೂಪಾಯಿ! ಆರು ಸಾವಿರ ಕೊಟ್ಟು ಕೊಳ್ಳುವ ನಾವು ಹುಚ್ಚರೇ?

ಹುಚ್ಚರಲ್ಲ ಎಂದು ನನಗೂ ಗೊತ್ತು. ನಾನು ಐದು ವರ್ಷ ಯೂರಿಯಾ, ಪೊಟ್ಯಾಷ್ ಮಾತ್ರ ಹಾಕಿ ನೋಡಿದೆ. ಗಿಡ ಹಸಿರಾಗಿತ್ತು, ಮಾರ್ಚ್‌ನಲ್ಲಿ ಮಣ್ಣು ಮಾತ್ರ ಇಟ್ಟಿಗೆಯಾಗಿತ್ತು. ಸ್ಪ್ರಿಂಕ್ಲರ್ ನೀರು ಮೇಲೆಯೇ ಹರಿದುಹೋಗುತ್ತಿತ್ತು. ಯೂರಿಯಾದ ಬೆಲೆ ಸರಕಾರ ಸಹಾಯಧನ ಕೊಟ್ಟು ಇಳಿಸಿದ ಬೆಲೆ, ಅದನ್ನು ತಕ್ಕಡಿಯ ಬಟ್ಟಾಗಿ ಇಟ್ಟುಕೊಂಡದ್ದೇ ನನ್ನ ತಪ್ಪು.

ನಾನು ಹೇಳಬೇಕೆಂದದ್ದು ಬೇರೆ. ನಿಮ್ಮ ಪುಸ್ತಕದಲ್ಲಿ ಜೇನಿಗೆ ಪುಟವಿದೆಯೇ? ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ. ರೋಬಸ್ಟಾಕ್ಕೆ ತನ್ನ ಪರಾಗ ಒಗ್ಗುವುದಿಲ್ಲ, ಬೇರೆ ಗಿಡದ್ದು ಬರಬೇಕು. ಗಾಳಿ ಸ್ವಲ್ಪ ತರುತ್ತದೆ, ಉಳಿದದ್ದು ಹೆಜ್ಜೇನು, ತುಡುವೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಕೆಲಸ ಮುಗಿಯಬೇಕು. ಆ ಮೂರು ದಿನಕ್ಕೆ ಕೂಲಿಯ ಆಳು ಸಿಗುವುದಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ನಮ್ಮ ತಂದೆಯ ಹದಿನಾಲ್ಕು ತುಡುವೆ ಪೆಟ್ಟಿಗೆಗಳಲ್ಲಿ ಒಂದೂ ಉಳಿಯಲಿಲ್ಲ. ಖಾಲಿ ಪೆಟ್ಟಿಗೆಗಳಲ್ಲಿ ಅಮ್ಮ ಬೆಳ್ಳುಳ್ಳಿ ಇಡುತ್ತಿದ್ದರು. ತೋಟದ ನಡುವಿನ ದೊಡ್ಡ ಮರದಲ್ಲಿ ವರ್ಷವೂ ಏಳೆಂಟು ಹೆಜ್ಜೇನು ಕಟ್ಟುತ್ತವೆ. ಮರದ ವ್ಯಾಪಾರಿ ಹೇಳಿದ ಬೆಲೆ ಕೇಳಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಕೊಡಲಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು: ತೋಟದ ಗುಮಾಸ್ತ

ಡಾಕ್ಟರೇ, ಹೆಂಚಿನ ವಿಷಯದಲ್ಲಿ ಸಿಕ್ಕಿಬಿದ್ದೆ. ನನ್ನ ಹಳೆಯ ಮ್ಯಾನೇಜರ್ ಇದನ್ನು ಓದದಿರಲಿ. 8,600ನ್ನು ಇಪ್ಪತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 430. ಗೊಬ್ಬರ ಎರಡೂವರೆ ಲೋಡು, ಇಲ್ಲಿನ ದರ ಆರು ಸಾವಿರದಂತೆ 15,000. ನಷ್ಟ ಈಗ 8,630ಕ್ಕೆ ಇಳಿಯಿತು. ದಿನಕ್ಕೆ 23 ರೂಪಾಯಿ 64 ಪೈಸೆ.

ಬೂಸಾ ಹಾಕುವುದು ನಾನಲ್ಲ, ಅಮ್ಮ. ಕೌಲೆಗೆ ಬೂಸಾ ನಿಲ್ಲಿಸಿ ಎಂದು ಎಂಬತ್ತನಾಲ್ಕು ವರ್ಷದವರಿಗೆ ಹೇಳಿ ನೋಡಿದೆ. "ನನಗೂ ಹಲ್ಲಿಲ್ಲ, ನನ್ನ ಗಂಜಿಯನ್ನೂ ನಿಲ್ಲಿಸು" ಎಂದರು. ಆ ಬಾಬತ್ತು ಅಲ್ಲಿಗೆ ಮುಕ್ತಾಯ.

ಉತ್ತರ: ಕಾವಲಿನ ಪಕ್ಕದವ, ಅಜ್ಜಂಪುರ

ಪುಟ ತಪ್ಪಿ ಬರೆದವರಲ್ಲಿ ನೀವು ಮೊದಲಿಗರಲ್ಲ, ಸಮಾಧಾನ ಮಾಡಿಕೊಳ್ಳಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, ಅರಮನೆಯ ದನಗಳ ಇಲಾಖೆಗೆ "ಬೆಣ್ಣೆ ಚಾವಡಿ" ಎಂದು ಹೆಸರಿತ್ತು. ಟಿಪ್ಪು ಅದನ್ನು "ಅಮೃತ ಮಹಲ್" ಮಾಡಿದ. ಹೆಸರು ಕೇಳಿದರೆ ಹಾಲಿನ ಹೊಳೆ ಹರಿಯಬೇಕು. ಆದರೆ ಅಮೃತ ಮಹಲ್ ಹಸುವಿನ ಹಾಲು ಅದರ ಕರುವಿಗೆ ಸಾಕಾದರೆ ಹೆಚ್ಚು. ಆ ತಳಿಯ ಬೆಲೆ ಇದ್ದದ್ದು ಎತ್ತಿನ ಕಾಲಿನಲ್ಲಿ. ಹೈದರ್, ಟಿಪ್ಪುವಿನ ಫಿರಂಗಿ ಗಾಡಿಗಳನ್ನು ಎಳೆದದ್ದು ಇವೇ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಮೊದಲು ಕೈಹಾಕಿದ ಆಸ್ತಿಗಳಲ್ಲಿ ಈ ಮಂದೆಯೂ ಒಂದು. ಬೆಣ್ಣೆಯ ಪುಟದಲ್ಲಿ ಯುದ್ಧದ ಖರ್ಚು!

ನಮ್ಮೂರಿನಲ್ಲಿ ಈಗಲೂ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕವನಿದ್ದಾಗ ಆ ಹೋರಿಗಳನ್ನು ಬೇಲಿಯಾಚೆಯಿಂದ ನೋಡುತ್ತಿದ್ದೆವು. ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುವ ಜಾತಿಯಲ್ಲ ಅದು, ಕೊಂಬು ನೇರ ಹಿಂದಕ್ಕೆ ಹೋಗಿ ಮೇಲಕ್ಕೆ ಏಳುತ್ತದೆ, ಕಣ್ಣಿನಲ್ಲೇ ಜಾಗ ಬಿಡು ಎನ್ನುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಆ ಕಾಲಿಗೆ ಕೆಲಸವಿಲ್ಲ.

ಆದರೆ ಯಾವ ಲೆಕ್ಕಿಗನೂ ಬರೆಯದ ಒಂದು ಲಾಭ ಉಳಿದುಕೊಂಡಿತು. ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲು, ಅಂದರೆ ಕಾವಲು. ಬೇಸಿಗೆಗೆ ಒಂದು, ಮಳೆಗೆ ಒಂದು, ಚಳಿಗೆ ಒಂದು ಎಂದು ಬೇರೆ ಬೇರೆ ಕಾವಲುಗಳಿದ್ದವು. ಎಷ್ಟೋ ಕಾವಲುಗಳು ಹೊಲವಾದವು, ನೀಲಗಿರಿ ತೋಪಾದವು. ಉಳಿದ ಕಡೆ ಕೃಷ್ಣಮೃಗಗಳೂ ಉಳಿದವು. ಕಡೂರು ತಾಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಅವುಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ರಾಜರು ಹುಲ್ಲು ಕಾಯ್ದದ್ದು ಎತ್ತಿಗೆ, ಮೇಯುತ್ತಿರುವುದು ಜಿಂಕೆ. ಸಂಜೆ ಹೊತ್ತು ಅವು ನೆಗೆಯುವುದನ್ನು ನೋಡಲು ಬನ್ನಿ, ಪುಸ್ತಕ ಮನೆಯಲ್ಲಿ ಬಿಟ್ಟು.

ಉತ್ತರ: ಹಳೆಗನ್ನಡದ ಮೇಷ್ಟ್ರು, ಹಾಸನ

ಆತಕೂರಿನ ಶಾಸನ ನೆನಪಾಯಿತು. ಕ್ರಿ.ಶ. 949-50ರದ್ದು. ಯುದ್ಧದಲ್ಲಿ ಮೆಚ್ಚುವಂತೆ ಕಾದಿದ ಮಣಲೇರನಿಗೆ ಗಂಗರ ದೊರೆ ಬೂತುಗ ಬೇಕಾದ್ದು ಕೇಳು ಎಂದ. ಊರು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ವೀರಗಲ್ಲು ನೆಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಬೂತುಗನ ಭಂಡಾರದ ಗುಮಾಸ್ತ ಆ ದಿನ ಏನು ಬರೆದುಕೊಂಡನೋ.

ಉತ್ತರ: ಆನೆ ದಾರಿಯ ಮನೆಯವಳು, ಆಲೂರು ತಾಲೂಕು

ಗಂಡಸರೆಲ್ಲ ಸೇರಿ ಬೆಣ್ಣೆ ಚಾವಡಿಯಿಂದ ಆತಕೂರಿನವರೆಗೆ ಹೋಗಿ ಬಂದಿರಿ. ಗುಮಾಸ್ತಣ್ಣ, ನಾನು ಒಂದೇ ಕೇಳುತ್ತೇನೆ: ಕೊಟ್ಟಿಗೆ ಬಾಚುವವರ ಕೂಲಿ ನಿಮ್ಮ ಪುಸ್ತಕದಲ್ಲಿ ಎಲ್ಲಿದೆ? ಅಮ್ಮ ಬೂಸಾ ಹಾಕುತ್ತಾರೆ ಎಂದಿರಿ. ಸಗಣಿ ಬಾಚಿ, ಬುಟ್ಟಿ ಹೊತ್ತು, ದರಗು ಗುಡಿಸಿ ತಂದು, ಹಾಲು ಕರೆಯುವವರು ಅಮ್ಮನಲ್ಲ. ಅತ್ತಿಗೆಯೇ ಇರಬೇಕು. ದಿನಕ್ಕೆ ಎರಡು ಗಂಟೆ ಎಂದು ಕಡಿಮೆ ಹಿಡಿಯೋಣ. ಹೆಣ್ಣಾಳಿಗೆ ದಿನಕ್ಕೆ 480 ಕೊಡುತ್ತೀರಿ ಎಂದುಕೊಂಡರೆ ಎರಡು ಗಂಟೆಗೆ 120. ವರ್ಷಕ್ಕೆ 43,800. ನಿಮ್ಮ ಒಟ್ಟು ಖರ್ಚಿಗಿಂತ ನೂರು ರೂಪಾಯಿ ಜಾಸ್ತಿ! ಬರೆಯಿರಿ ಈಗ.

ಕಾಡುಪ್ರಾಣಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಜಿಂಕೆ ನೋಡಲು ಬನ್ನಿ ಎನ್ನುವುದು ಸುಲಭ. ನಮ್ಮ ಮನೆಯಲ್ಲಿ ಬೆಳಗಾಗುವುದು ಆನೆ ಎಲ್ಲಿದೆ ಎಂಬ ಮೊಬೈಲ್ ಸಂದೇಶದಿಂದ. ಅದು ಬಂದರೆ ಆ ದಿನ ಮಕ್ಕಳನ್ನು ಬಸ್ಸಿನವರೆಗೆ ಜೀಪಿನಲ್ಲಿ ಬಿಡಬೇಕು, ಆಳುಗಳು ತೋಟಕ್ಕೆ ಇಳಿಯುವುದಿಲ್ಲ. ಹಲಸಿನ ಕಾಯಿ ಬಲಿಯುವ ಮೊದಲೇ ಕಿತ್ತು ಹಾಕುತ್ತೇವೆ, ವಾಸನೆಗೆ ಬರುತ್ತವೆ ಎಂದು. ಆನೆಗೆ ಇಷ್ಟವೆಂದು ಬಗನಿ ಮರ ಒಂದನ್ನೂ ಉಳಿಸಿಲ್ಲ. ಹೋದ ನವೆಂಬರಿನಲ್ಲಿ ಇನ್ನೊಂದು ವಾರಕ್ಕೆ ಕೊಯ್ಯಬೇಕಿದ್ದ ಭತ್ತವನ್ನು ಒಂದೇ ರಾತ್ರಿ ತುಳಿದವು. ತಿಂದದ್ದು ಕಡಿಮೆ, ತುಳಿದದ್ದು ಹೆಚ್ಚು. 2014ರ ಸುಮಾರಿಗೆ ನಮ್ಮ ತಾಲೂಕಿನಿಂದ 22 ಆನೆ ಹಿಡಿದು ಸಾಗಿಸಿದ್ದರು. ಜಾಗ ಖಾಲಿಯಾಯಿತು, ಬೇರೆಯವು ಬಂದವು.

ಇಷ್ಟು ಬೈದವಳೇ 2023ರ ಡಿಸೆಂಬರ್‌ನಲ್ಲಿ ಯಸಳೂರು ಹತ್ತಿರದ ದಬ್ಬಳ್ಳಿಕಟ್ಟೆಗೆ ಹೋಗಿ ನಿಂತಿದ್ದೆ. ಎಂಟು ಬಾರಿ ದಸರೆಯ ಅಂಬಾರಿ ಹೊತ್ತ ಸಾಕಾನೆ ಅರ್ಜುನ ಅಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಡಿಸೆಂಬರ್ 4ರಂದು, ಒಂಟಿ ಸಲಗದೊಂದಿಗೆ ಕಾದಾಡಿ ಸತ್ತ. ನಮ್ಮ ಗದ್ದೆ ಉಳಿಸಲು ಬಂದವನು. ಮಣ್ಣು ಮಾಡಿದ ಜಾಗದಲ್ಲಿ ಹೂವು, ಕಬ್ಬು, ಬೆಲ್ಲ ಇಟ್ಟಿದ್ದರು. ನನ್ನ ಪಕ್ಕ ಅಳುತ್ತಿದ್ದ ಮುದುಕನನ್ನು ನಾನು ಬಲ್ಲೆ, ಆನೆಯಿಂದ ಎರಡು ಬೆಳೆ ಕಳೆದುಕೊಂಡವನು. ಅವನಿಗೇನು ಕೇಳುವುದು, ನಾನೇ ಏಕೆ ಹೋಗಿದ್ದೆ ಎಂದು ಇನ್ನೂ ತಿಳಿದಿಲ್ಲ.

ಇಷ್ಟೆಲ್ಲ ಹೇಳಿ ಕೊನೆಗೊಂದು ಸ್ವಾರ್ಥ. ಮೂರು ವರ್ಷದ ಹಿಂದೆ ನಾವು ಹಸು ಕೊಟ್ಟುಬಿಟ್ಟೆವು. ಗೊಬ್ಬರ ಕೊಂಡು ಕೊಂಡು ಸಾಕಾಗಿದೆ. ನೀವು ಕೊಡುವುದಾದರೆ ಆ ಹೆಸರಿಡದ ಕಡಸು ನನಗಿರಲಿ. ಬಾಚುವ ಸರದಿ ನನ್ನ ಗಂಡನದು, ಮಾತಾಗಿದೆ.

ಉತ್ತರ: ಆರೋಗ್ಯ ಕೇಂದ್ರದ ನರ್ಸ್, ಕೊಪ್ಪ

ಯಾರೂ ಹೇಳದ್ದರಿಂದ ಹೇಳುತ್ತೇನೆ. ದರಗು ತರಲು ಕಾಡಿಗೆ ಹೋಗುವವರು, ಕಾಡಿನಲ್ಲಿ ಮೇಯ್ದ ದನ ಕರೆಯುವವರು ಉಣುಗಿನ ಬಗ್ಗೆ ಎಚ್ಚರವಾಗಿರಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗೊತ್ತಾದದ್ದು, ನಮ್ಮ ತಾಲೂಕಿನಲ್ಲೂ ಕಾಣಿಸಿಕೊಂಡಿದೆ. ದನಕ್ಕೆ ಆ ಕಾಯಿಲೆ ಬರುವುದಿಲ್ಲ, ಆದರೆ ಉಣುಗನ್ನು ಮೈಮೇಲೆ ಹೊತ್ತು ಕೊಟ್ಟಿಗೆಗೆ ತರುತ್ತದೆ. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ತಿಳಿಸಿ. ಕಾಡಿನಿಂದ ಬಂದೊಡನೆ ಬಿಸಿನೀರು, ಸೋಪು. ಬಟ್ಟೆ ಬೇರೆ ನೆನೆಸಿ.

ಪ್ರಶ್ನೆ ಕೇಳಿದವರ ಮರುಮಾತು: ತೋಟದ ಗುಮಾಸ್ತ

ಎಲ್ಲರಿಗೂ ಕೃತಜ್ಞ. ಆಲೂರಿನ ತಂಗಿಯ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ತಪ್ಪು ಮಾಡಿದೆ. ಹೆಂಡತಿ ಪಾತ್ರೆ ಕೆಳಗಿಟ್ಟು ಬಂದು ಕುಳಿತು, "ಬರೆಯಿರಿ. ಬಾಕಿ ಎಷ್ಟು ವರ್ಷದ್ದು ಎಂಬುದನ್ನೂ ಬರೆಯಿರಿ" ಎಂದಳು. 8,630ಕ್ಕೆ 43,800 ಕೂಡಿಸಿದರೆ 52,430. ಮೊದಲ ದಿನ ಬರೆದ ನಷ್ಟಕ್ಕಿಂತ ದೊಡ್ಡದು. ಇಷ್ಟು ಜನ ಸೇರಿ ನನ್ನನ್ನು ಇಲ್ಲಿಗೆ ತಂದಿರಿ. ಮಗನಿಗೆ ಹೇಳಿಲ್ಲ.

ಅಪ್ಪನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ನೋಡಿದೆ, ಅರ್ಧ ಗೆದ್ದಲು ತಿಂದಿವೆ. ಉಳಿದ ವರ್ಷಗಳಲ್ಲಿ ಗೊಬ್ಬರ ಕೊಂಡ ಬಾಬತ್ತು ಒಂದೂ ಇಲ್ಲ. ಕೊಟ್ಟಿಗೆಗೆ ಅವರು ಪುಟವನ್ನೇ ಹಾಕಿಲ್ಲ. ಬೂಸಾ, ಹುಲ್ಲು ಎಲ್ಲವೂ ಮನೆಖರ್ಚಿನಲ್ಲಿ, ನನ್ನ ಶಾಲೆಯ ಫೀಸಿನ ಕೆಳಗೆ ಇವೆ. ನಾನೂ ಬರುವ ಏಪ್ರಿಲ್‌ನಿಂದ ಹಾಗೆಯೇ ಮಾಡುವವನು. ಹೆಂಡತಿಯ ಬಾಬತ್ತು ಮಾತ್ರ ಬೇರೆ ಪುಟದಲ್ಲಿ ಇರುತ್ತದೆ, ಅದಕ್ಕೆ ಅವಳದೇ ಸಹಿ ಬೇಕಂತೆ.

ನಿನ್ನೆಯಿಂದ ಬೆಳಗಿನ ಸರದಿ ನನ್ನದು. ಬುಟ್ಟಿ ಹೊರುವುದು ಕಷ್ಟವಲ್ಲ. ಕೌಲೆ ಬಾಲದಿಂದ ಕನ್ನಡಕಕ್ಕೆ ಹೊಡೆಯುವುದೇ ಕಷ್ಟ. ಬೆಳ್ಳಿಯ ಪರೀಕ್ಷೆಗೆ ಸೋಮವಾರ ಡಾಕ್ಟರು ಬರುತ್ತಾರೆ. ಕೊಪ್ಪದ ತಾಯಿ ಹೇಳಿದ ಮೇಲೆ ಬಚ್ಚಲಿನ ಒಲೆ ಬೆಳಿಗ್ಗೆಯೂ ಉರಿಯುತ್ತಿದೆ. ಜೇನಿಗೆ ಪುಟ ಹಾಕಿದ್ದೇನೆ, ಬರೆಯಲು ಏನೂ ಇಲ್ಲ, ಖಾಲಿ ಇರಲಿ.

ಆಲೂರಿನ ತಂಗಿ, ಕಡಸು ನಿಮ್ಮದು. ದುಡ್ಡಿನ ಮಾತು ಬೇಡ, ಹೆಸರು ನೀವೇ ಇಡಿ. ಶನಿವಾರ ಹಗಲು ಹೊತ್ತಿನಲ್ಲಿ ಬನ್ನಿ, ನಿಮ್ಮ ಮೊಬೈಲ್ ಸಂದೇಶ ನೋಡಿಕೊಂಡು ಹೊರಡಿ. ಹಗ್ಗ ಮರೆಯದೆ ತನ್ನಿ. ಕೊಟ್ಟಿಗೆಯ ಹಗ್ಗದೊಂದಿಗೆ ದನ ಕಳುಹಿಸಲು ಅಮ್ಮ ಬಿಡುವುದಿಲ್ಲ.